ನಿಕಾಸಿಯೊನ ಕ್ಷೌರದಂಗಡಿ ಇದ್ದ ಮನೆ

ಮನೆಗಳಿಗೆ ನಂಬರಿಲ್ಲದ ಊರಲ್ಲಿ ಬಾಳುವುದು ಹೇಗೆ ಎಂದು ಹೊರಗಿನವರು ಮೂಗು ಮುರಿದರೆ ಕೇರಿಯವರು ಗೌರವದಿಂದ ದೋನ್ಯಾ ಎನ್ನುತ್ತಿದ್ದ ಪೆತ್ರೊನಾಳಿಗೆ ಮೈ ಉರಿಯುತ್ತಿತ್ತು. ಮನಾಗುವಾದ ಜನ ನೂರಾರು ವರ್ಷ ನಂಬರಿಲ್ಲದೆಯೇ ಹುಟ್ಟಿ, ಮದುವೆಯಾಗಿ, ಸತ್ತಿಲ್ಲವೇ? ಭೂಕಂಪದಲ್ಲಿ ಬಿದ್ದುಹೋದ ಚಿತ್ರಮಂದಿರ, ಯಾವ ಕಾಲದಲ್ಲೋ ಕಡಿದ ಮರ, ಅಂಥ ಯಾವುದಾದರೊಂದನ್ನು ಹಿಡಿದುಕೊಂಡು ಸರೋವರದ ಕಡೆಗೆ ಎರಡು ಬೀದಿ, ಸೂರ್ಯ ಹುಟ್ಟುವ ಕಡೆಗೆ ಒಂದು ಎಂದರೆ ಮುಗಿಯಿತು. ಮರ ಇಲ್ಲದಿದ್ದರೇನು, ಮರ ಇದ್ದದ್ದು ಎಲ್ಲರಿಗೂ ಗೊತ್ತಲ್ಲ.

ಅವಳ ಕೇರಿಯಲ್ಲಂತೂ ಎಲ್ಲ ವಿಳಾಸಗಳೂ ಅವಳ ಮನೆಯಿಂದಲೇ ಹೊರಡುತ್ತಿದ್ದವು. 'ನಿಕಾಸಿಯೊನ ಕ್ಷೌರದಂಗಡಿ ಇದ್ದ ಜಾಗದಿಂದ' ಎಂದೇ ಎಲ್ಲರೂ ಶುರು ಮಾಡುತ್ತಿದ್ದರು. ನಿಕಾಸಿಯೊ ಅವಳ ಗಂಡ. ಅವನು ತೀರಿಕೊಂಡ ದಿನ ಅಂಗಡಿಯಿದ್ದ ಬೀದಿಯ ಕಡೆಯ ಕೋಣೆಗೆ ಬೀಗ ಬಿತ್ತು. ಆಮೇಲೂ ಟ್ಯಾಕ್ಸಿಯವರು, ಹಾಲಿನವರು, ನೆಂಟರ ಮನೆ ಹುಡುಕಿಕೊಂಡು ಬಂದವರು ದಿನಕ್ಕೆ ಹತ್ತು ಸಲ ಕಿಟಕಿಯ ಹೊರಗೆ ಅವನ ಹೆಸರು ಹೇಳುತ್ತಿದ್ದರು. ಊರವರ ಬಟ್ಟೆಗೆ ಇಸ್ತ್ರಿ ಹಾಕುತ್ತಾ ಒಳಗೆ ನಿಂತ ಪೆತ್ರೊನಾ ಅದನ್ನು ಕೇಳಿಸಿಕೊಳ್ಳುತ್ತಿದ್ದಳು. ಗಂಡ ಪೂರ್ತಿ ಹೋಗಿಲ್ಲ ಎಂಬ ಸಮಾಧಾನ ಅವಳಿಗೆ ಸಿಗುತ್ತಿದ್ದುದು ಇಗರ್ಜಿಯಲ್ಲಲ್ಲ, ಈ ಕಿಟಕಿಯ ಬಳಿ.

ಹಿತ್ತಲ ಕೋಣೆಗೆ ಬಾಡಿಗೆಗೆ ಬಂದವಳು ಹಾಲೆಂಡಿನ ಲಿಸ್ಬೆತ್. ಶಾಲೆಯಲ್ಲಿ ಪಾಠ ಹೇಳಲು ಬಂದಿದ್ದಳು. ಕರಾರು ಮುಗಿದರೂ ಊರು ಬಿಡಲು ಮನಸ್ಸಾಗಲಿಲ್ಲ. ಸೈಕಲ್ ರಿಪೇರಿ ಅವಳಿಗೆ ಅಪ್ಪನಿಂದ ಬಂದ ವಿದ್ಯೆ. ಸೈಕಲ್ ಅಂಗಡಿ ಇಡಲು ಬೀಗ ಹಾಕಿದ ಮುಂದಿನ ಕೋಣೆ ಕೊಡುತ್ತೀರಾ ಎಂದು ಅವಳು ಕೇಳಿದಾಗ ಪೆತ್ರೊನಾ ಸುತರಾಂ ಒಪ್ಪಲಿಲ್ಲ. ಆದರೆ ಒಂದು ಭಾನುವಾರ ತಾನೇ ಬೀಗ ತೆಗೆದು, ಕನ್ನಡಿ ಒರೆಸಿ, ಕೀಲಿಕೈ ಕೊಟ್ಟಳು. ಮುಚ್ಚಿದ ಬಾಗಿಲನ್ನು ನೋಡಿ ನೋಡಿ ತನಗೂ ಸಾಕಾಗಿತ್ತು ಎಂದು ಅವಳು ಯಾರಿಗೂ ಹೇಳಲಿಲ್ಲ.

ಲಿಸ್ಬೆತ್ ಅಚ್ಚುಕಟ್ಟಾದ ಬೋರ್ಡು ಬರೆಸಿದಳು. ಧೂಳು ಬಾರದಂತೆ ಬಾಗಿಲು ಹಾಕಿಕೊಂಡು ಒಳಗೆ ಕಾದಳು. ಒಂದು ನರಪಿಳ್ಳೆಯೂ ಬರಲಿಲ್ಲ. ದಾರಿಯಲ್ಲಿ ಸಿಕ್ಕವರನ್ನೆಲ್ಲ ಸೈಕಲ್ ರಿಪೇರಿಗೆ ತರುತ್ತೀರಾ ಎಂದು ಕೇಳಿದಳು. ಎಲ್ಲರೂ ನಕ್ಕು, ನಾಳೆ ಬರುತ್ತೇವೆ ಎಂದರು. ಅವಳು ನಾಳೆಗಾಗಿ ಕಾದಳು.

ಪೆತ್ರೊನಾ ಅವಳಿಗೆ ಬುದ್ಧಿ ಹೇಳದ ದಿನವಿರಲಿಲ್ಲ. ಬೀದಿಯಲ್ಲಿ ಹೋಗುವಾಗ ಬಾಗಿಲಲ್ಲಿ ಕೂತ ಪ್ರತಿಯೊಬ್ಬರಿಗೂ ನಮಸ್ಕಾರ ಹೇಳಬೇಕು, ಗುರುತಿಲ್ಲದಿದ್ದರೂ. ಯಾರ ಮನೆಯಲ್ಲಾದರೂ ಮೆಕ್ಕೆಜೋಳ, ಕೋಕೋ ಹುಡಿ ಕಲಸಿದ ಪಿನೊಲಿಯೊ ಪಾನಕ ಕೊಟ್ಟರೆ ಬೇಡ ಎನ್ನಬಾರದು. ಕೆಲಸದ ಮಾತಿಗೆ ಮೊದಲು ಅವರ ತಾಯಿಯ ಮಂಡಿನೋವು ಹೇಗಿದೆ ಎಂದು ಕೇಳಬೇಕು. ನಾಳೆ ಎಂದವರು ಸುಳ್ಳು ಹೇಳಿದ್ದಲ್ಲ, ನಿನ್ನ ಮನಸ್ಸು ನೋಯಬಾರದೆಂದು ಹೇಳಿದ್ದು. ಲಿಸ್ಬೆತ್ ಎಲ್ಲದಕ್ಕೂ ತಲೆಯಾಡಿಸಿ, ಮತ್ತೆ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಕಲ್ಲಿನ ಮೇಲೆ ನೀರು ಸುರಿದಂತೆ.

ಮಳೆಗಾಲ ಮುಗಿಯುವ ಹೊತ್ತಿಗೆ ಅವಳು ಕ್ರಿಸ್ಮಸ್ಸಿಗೆ ಮುಂಚೆ ಊರಿಗೆ ಹೊರಡುವುದಾಗಿ ಹೇಳಿದಳು. ಆ ಕೋಣೆಗೆ ಇನ್ನೊಮ್ಮೆ ಬೀಗ ಹಾಕುವ ಶಕ್ತಿ ತನ್ನ ಕೈಗಿಲ್ಲ ಎಂದು ಪೆತ್ರೊನಾಳಿಗೆ ಗೊತ್ತಿತ್ತು.

ಅಂದು ಸಂಜೆ ಬಿಸಿಲು ಇಳಿಯುತ್ತಲೇ ಅವಳು ನಿಕಾಸಿಯೊನ ತೂಗುಕುರ್ಚಿಯನ್ನು ದರದರ ಎಳೆದು ತಂದು ಬೀದಿಯಂಚಿಗೆ ಇಟ್ಟಳು. ಅವನು ಹೋದ ಮೇಲೆ ಅದರಲ್ಲಿ ಬೆಕ್ಕು ಕೂತರೂ ಓಡಿಸುತ್ತಿದ್ದಳು.

"ಕೂತ್ಕೋ," ಎಂದಳು.

"ಕೂತು ಏನ್ ಮಾಡ್ಲಿ, ದೋನ್ಯಾ?"

"ಏನೂ ಮಾಡ್ಬೇಡ. ಅದೇ ನಿಂಗೆ ಬರಲ್ಲ ನೋಡು. ಇಲ್ಲಿ ಬೋರ್ಡ್ ಓದ್ಕೊಂಡು ಯಾರೂ ಬರಲ್ಲ ಮಗಳೇ, ಮುಖ ನೋಡ್ಕೊಂಡು ಬರ್ತಾರೆ. ನೀನು ಮುಖಾನೇ ಒಳಗೆ ಬಚ್ಚಿಟ್ಟಿದ್ದೀಯ."

ಲಿಸ್ಬೆತ್ ಕೂತಳು. ಮೊದಮೊದಲು ಮುಳ್ಳಿನ ಮೇಲೆ ಕೂತಂತೆ ಕೂತಳು. ಪೆತ್ರೊನಾ ಪಕ್ಕದಲ್ಲಿ ಕೂತು, ಹೋಗಿಬರುವ ಪ್ರತಿಯೊಬ್ಬರ ಹೆಸರು, ಕುಲಗೋತ್ರ, ಹಳೆಯ ಜಗಳಗಳನ್ನೆಲ್ಲ ಅವಳ ಕಿವಿಯಲ್ಲಿ ಹೇಳಿದಳು. ಸಂಜೆಗಳು ಹೀಗೇ ಕಳೆದವು. ಆಮೇಲೊಮ್ಮೆ ಬ್ರೆಡ್ ಮಾರುವ ಎವಾರಿಸ್ತೊ ಲಿಸ್ಬೆತ್ ಜೊತೆ ಹವಾಮಾನ ಮಾತಾಡಿ, ತಾಯಿಯ ಮಂಡಿಯ ವಿಷಯ ಮಾತಾಡಿ, ಹೊರಡುವಾಗ ಏನೋ ನೆನಪಾದವನಂತೆ ತನ್ನ ಸೈಕಲ್ಲಿನ ಬ್ರೇಕು ಕಿರುಗುಡುತ್ತದೆ ಎಂದ. ಮಾರನೆಯ ವಾರ ಅವನ ತಮ್ಮ ಬಂದ. ಡಿಸೆಂಬರಿನಲ್ಲಿ ಕೋಣೆಯೊಳಗೆ ಕಾಲಿಡಲು ಜಾಗವಿರಲಿಲ್ಲ. ಊರಿಗೆ ಹೊರಡುವ ಮಾತನ್ನು ಲಿಸ್ಬೆತ್ ಮತ್ತೆ ಎತ್ತಲಿಲ್ಲ, ಪೆತ್ರೊನಾ ಕೇಳಲೂ ಇಲ್ಲ.

ಒಂದು ಬೆಳಿಗ್ಗೆ ಇಸ್ತ್ರಿ ಮಾಡುತ್ತಿರುವಾಗ ಕಿಟಕಿಯ ಹೊರಗೆ ಯಾರೋ ಟ್ಯಾಕ್ಸಿಯವನಿಗೆ ದಾರಿ ಹೇಳುವುದು ಕೇಳಿಸಿತು: "ಬಿಳಿ ಹುಡುಗಿ ಸೈಕಲ್ ಅಂಗಡಿ ಇದ್ಯಲ್ಲ, ಅಲ್ಲಿಂದ ಸರೋವರದ ಕಡೆಗೆ ಒಂದು ಬೀದಿ."

ಪೆತ್ರೊನಾಳ ಕೈ ನಿಂತಿತು. ಅಂಗಿಯ ಕಾಲರು ಸುಟ್ಟು ಹೋಯಿತು. ಅಂದಿನಿಂದ ಅವಳು ಕಿವಿಗೊಟ್ಟು ಎಣಿಸತೊಡಗಿದಳು. ನಿಕಾಸಿಯೊನ ಹೆಸರು ವಾರದಿಂದ ವಾರಕ್ಕೆ ಕಡಿಮೆಯಾಯಿತು. ಬೈಯೋಣವೆಂದರೆ ಯಾರನ್ನು ಬೈಯುವುದು? ಕುರ್ಚಿ ಎಳೆದು ತಂದವಳು ತಾನೇ. ಒಂದೆರಡು ದಿನ ಲಿಸ್ಬೆತ್ ಮೇಲೆ ಕಾರಣವಿಲ್ಲದೆ ಸಿಡುಕಿದಳು. ಅವಳು ಏನೂ ತಿಳಿಯದೆ, ಸಂಜೆ ಎರಡೂ ಕುರ್ಚಿಗಳನ್ನು ತಾನೇ ಹೊರಗಿಟ್ಟು ಕಾದಳು.

ಅದೇ ವಾರ ಅಡುಗೆಮನೆಯಲ್ಲಿ ಗ್ಯಾಸು ಮುಗಿಯಿತು. ಒಲೆಯ ಮೇಲೆ ಕೆಂಪು ಕಾಳು ಅರ್ಧ ಬೆಂದಿತ್ತು. ಪೆತ್ರೊನಾ ಗ್ಯಾಸಂಗಡಿಗೆ ಫೋನ್ ಮಾಡಿ, ರೂಢಿಯ ಪ್ರಕಾರ ನಿಕಾಸಿಯೊನ ಕ್ಷೌರದಂಗಡಿ ಇದ್ದ ಮನೆ ಎಂದಳು.

"ಯಾವ ಕ್ಷೌರದಂಗಡಿ ಅಮ್ಮ?" ಎಂದಿತು ಆ ಕಡೆಯ ಹೊಸ ಹೆಂಗಸಿನ ದನಿ. "ನಂಗೆ ಗೊತ್ತಾಗ್ಲಿಲ್ಲ."

ಪೆತ್ರೊನಾ ಮುಂದಿನ ಕೋಣೆಯ ಕಡೆ ನೋಡಿದಳು. ಬಾಗಿಲು ಹಾರುಹೊಡೆದಿತ್ತು. ನಿಕಾಸಿಯೊನ ಕನ್ನಡಿಯ ಕೆಳಗೆ ಎವಾರಿಸ್ತೊ ಏನೋ ಚಾಡಿ ಹೇಳುತ್ತಿದ್ದ, ಲಿಸ್ಬೆತ್ ಕೈಯೆಲ್ಲ ಗ್ರೀಸು ಮಾಡಿಕೊಂಡು ನಗುತ್ತಿದ್ದಳು. ಆ ಕೋಣೆಯಲ್ಲಿ ಹಿಂದೆಯೂ ಹೀಗೇ ಚಾಡಿ, ಹೀಗೇ ನಗು.

"ಬಿಳಿ ಹುಡುಗಿ ಸೈಕಲ್ ಅಂಗಡಿ ಗೊತ್ತಾ?" ಎಂದಳು. "ಅದೇ ಮನೆ."

"ಅಯ್ಯೋ, ಅದನ್ನ ಮೊದ್ಲೇ ಹೇಳ್ಬಾರ್ದಾ?"

ಫೋನ್ ಇಟ್ಟು ಪೆತ್ರೊನಾ ಉಡುಪಿನ ತೋಳಿನಲ್ಲೇ ಕಣ್ಣೊರೆಸಿಕೊಂಡಳು. ಗೋಡೆಯ ಮೇಲಿನ ಗಂಡನ ಫೋಟೋಕ್ಕೆ ಮೆಲ್ಲಗೆ ಹೇಳಿದಳು:

"ಕೋಪ ಮಾಡ್ಕೋಬೇಡ ಕಣಯ್ಯ. ಹೆಸರು ಹೋಯ್ತು, ಬಾಗಿಲು ತೆರೀತು."