ಇಟಾರಸಿಯಲ್ಲಿ ಇಳಿಯದ ತ್ರಿಶೂಲ

ಮೇಣ ಕರಗುವ ವಾಸನೆ ಬಂದರೆ ನನಗೆ ಸಿಟ್ಟು ಬರುತ್ತದೆ. ಮೊನ್ನೆ ಸಂಜೆ ನಾಗಪುರದ ಮನೀಶ್ ನಗರದ ನಮ್ಮ ಮನೆಯಲ್ಲಿ ಕರೆಂಟ್ ಹೋಗಿ ಸೊಸೆ ಮೇಣದಬತ್ತಿ ಹಚ್ಚಿದಳು. ಅದರ ಪಕ್ಕದಲ್ಲೇ ಕೂತು ಮೊಮ್ಮಗ ಫೋನಿನಲ್ಲಿ ಪಚಮಢಿಯ ನೋಡಬೇಕಾದ ಸ್ಥಳಗಳನ್ನು ಓದುತ್ತಿದ್ದ. ದೀಪಾವಳಿ ರಜೆಗೆ ಎಲ್ಲರೂ ಹೋಗುವುದೆಂದು ನಿಶ್ಚಯವಾಗಿತ್ತು. ಧೂಪಗಢದ ಸೂರ್ಯಾಸ್ತ, ಜಲಪಾತ, ಪಾಂಡವರ ಗುಹೆ, ಜಟಾಶಂಕರ, ಎಲ್ಲಕ್ಕಿಂತ ಕೊನೆಗೆ, ಸಮಯವಿದ್ದರೆ, ಚೌರಾಗಢ. ಸಮಯವಿದ್ದರೆ! "ಸಾಕು, ನಿಲ್ಲಿಸು" ಎಂದು ನಾನು ಕೂಗಿದ ರಭಸಕ್ಕೆ ಹುಡುಗ ಫೋನನ್ನು ಮಡಿಲಲ್ಲಿ ಮುಚ್ಚಿಕೊಂಡ. ಅವನ ತಪ್ಪೇನೂ ಇಲ್ಲ. ಎಪ್ಪತ್ತು ವರ್ಷದ ಹಿಂದೆ ಅದೇ ಪಟ್ಟಿಯನ್ನು ನನ್ನ ಶಾಲೆಯ ವಹಿಯ ಕೊನೆಯ ಪುಟದಲ್ಲಿ ನಾನೂ ಬರೆದಿದ್ದೆ. ನಾನೂ ಚೌರಾಗಢವನ್ನು ಕೊನೆಗೇ ಹಾಕಿದ್ದೆ. ಆಮೇಲೆ ಅದನ್ನು ಪಟ್ಟಿಯಿಂದ ತೆಗೆಯಲು ನಾನು ಮಾಡಿದ್ದನ್ನು ಇಷ್ಟು ವರ್ಷ ಯಾರಿಗೂ ಹೇಳಲಿಲ್ಲ. ಹೇಳಬೇಕಾದವರಿಗಂತೂ ಹೇಳಲೇ ಇಲ್ಲ.

ನಾಗಪುರ ಆಗ ಇನ್ನೂ ಮಧ್ಯಪ್ರದೇಶದ ರಾಜಧಾನಿ. ಅಪ್ಪ ರೈಲ್ವೆಯ ಪಾರ್ಸೆಲ್ ಆಫೀಸಿನಲ್ಲಿ ಗುಮಾಸ್ತ. ಧಾರವಾಡದ ಕಡೆಯಿಂದ ವರ್ಗವಾಗಿ ಬಂದ ನಮಗೆ ಅಜನಿಯ ರೈಲ್ವೆ ಕ್ವಾರ್ಟರಿನ ಎರಡು ಕೋಣೆ, ಒಂದು ಪಡಸಾಲೆ, ಹಿತ್ತಿಲಲ್ಲಿ ಒಂದು ಬೇವಿನ ಮರ. ಆ ಮನೆ ಈಗಿಲ್ಲ, ಬೇವೂ ಇಲ್ಲ. ಅಡುಗೆಮನೆಗೆ ಅಂಟಿಕೊಂಡಿದ್ದ ಸೌದೆಯ ಗೂಡಿನಲ್ಲಿ ಗಂಗತ್ತಿ ಮಲಗುತ್ತಿದ್ದಳು. ಆಕೆ ಅಪ್ಪನ ಅಕ್ಕ. ಚಿಕ್ಕ ವಯಸ್ಸಿನಲ್ಲೇ ಗಂಡ ತೀರಿಕೊಂಡು, ನಾನು ಹುಟ್ಟುವ ಮೊದಲೇ ನಮ್ಮ ಮನೆಗೆ ಬಂದಿದ್ದಳು. ಬೆಳಗಿನ ನೀರು ಹಿಡಿಯುವುದರಿಂದ ಹಿಡಿದು ರಾತ್ರಿಯ ಕೊನೆಯ ಪಾತ್ರೆಯ ತನಕ ಆ ಮನೆ ಆಕೆಯ ಕೈಯಲ್ಲೇ ನಡೆಯುತ್ತಿತ್ತು. ಆಕೆ ತಟ್ಟಿದ ಜೋಳದ ರೊಟ್ಟಿಯ ಸದ್ದಿಗೆ ನಾನು ಏಳುತ್ತಿದ್ದೆ, ಆಕೆಯ ಸೆರಗಿನ ಹೊಗೆ ವಾಸನೆಯಲ್ಲಿ ನಿದ್ದೆ ಹೋಗುತ್ತಿದ್ದೆ. ಆದರೂ ಬಂದವರ ಎದುರು ಅಪ್ಪ ಹೇಳುತ್ತಿದ್ದದ್ದು, "ನಮ್ಮ ಅಕ್ಕನ್ನ ನಾವ ಸಾಕೇವಿ" ಎಂದು. ಆ ಮಾತು ನೆನಪಾದರೆ ಈಗಲೂ ನನ್ನ ಹಲ್ಲು ಕಚ್ಚಿಕೊಳ್ಳುತ್ತದೆ. ಯಾರು ಯಾರನ್ನು ಸಾಕುತ್ತಿದ್ದರು?

ನನಗೆ ಎಂಟು ವರ್ಷವಿದ್ದಾಗ ವಿಷಮಜ್ವರ ಬಂತು. ಮೂರು ವಾರ ಕಣ್ಣು ಬಿಡಲಿಲ್ಲವಂತೆ. ಪಕ್ಕದ ಕ್ವಾರ್ಟರಿನ ಮರಾಠಿ ಕಾಕೂ ಗಂಗತ್ತಿಗೆ ಒಂದು ದಾರಿ ಹೇಳಿಕೊಟ್ಟರು. ಸಾತಪುಡಾ ಬೆಟ್ಟಗಳಲ್ಲಿ, ಪಚಮಢಿಯ ಆಚೆ, ಚೌರಾಗಢದ ನೆತ್ತಿಯ ಮೇಲೆ ಮಹಾದೇವ ಇದ್ದಾನೆ. ಹರಕೆ ಹೊತ್ತವರು ಕಬ್ಬಿಣದ ತ್ರಿಶೂಲವನ್ನು ಹೆಗಲ ಮೇಲೆ ಹೊತ್ತು ಬೆಟ್ಟ ಹತ್ತಿ ಅವನ ಮುಂದೆ ನೆಟ್ಟು ಬರುತ್ತಾರೆ. ಗಂಗತ್ತಿ ಅಂದೇ ಹರಕೆ ಹೊತ್ತಳು. ತ್ರಿಶೂಲ ಮುಟ್ಟಿಸುವವರೆಗೆ ಕಾಲಿಗೆ ಚಪ್ಪಲಿ ಹಾಕುವುದಿಲ್ಲ ಎಂದೂ ಸೇರಿಸಿದಳು. ನಾನು ಬದುಕಿದೆ. ಇತವಾರಿ ಪೇಟೆಯ ಕಮ್ಮಾರನ ಹತ್ತಿರ ಆಕೆಯ ಎದೆಯೆತ್ತರದ ತ್ರಿಶೂಲವೂ ಆಯಿತು. ಆದರೆ ಅಪ್ಪನ ರೈಲ್ವೆ ಪಾಸುಗಳು ಪ್ರತಿ ವರ್ಷ ಊರ ಕಡೆಯ ಮದುವೆ, ಮುಂಜಿ, ಮನೆ ಒಕ್ಕಲುಗಳಿಗೇ ಮುಗಿಯುತ್ತಿದ್ದವು. "ಮುಂದಿನ ವರ್ಷ ನೋಡೂಣು ಅಕ್ಕಾ" ಎನ್ನುತ್ತಿದ್ದ. ಹಾಗೆ ನಾಲ್ಕು ವರ್ಷ ತ್ರಿಶೂಲ ಸೌದೆಯ ಗೂಡಿನ ಮೂಲೆಯಲ್ಲಿ ನಿಂತಿತ್ತು. ತುಕ್ಕು ಹಿಡಿಯದಂತೆ ಆಕೆ ಅದಕ್ಕೆ ಎಣ್ಣೆ ಸವರುತ್ತಿದ್ದಳು, ಸೋಮವಾರ ವಿಭೂತಿ ಹಚ್ಚುತ್ತಿದ್ದಳು.

ನಾಗಪುರದ ಬೇಸಿಗೆಯನ್ನು ಬಲ್ಲವರಿಗೆ ಬರಿಗಾಲು ಎಂದರೆ ಏನೆಂದು ಹೇಳಬೇಕಾಗಿಲ್ಲ. ಮೇ ತಿಂಗಳಲ್ಲಿ ಸೀತಾಬರ್ಡಿಯ ರಸ್ತೆಯ ಡಾಂಬರು ಕರಗಿ ಅಂಟುತ್ತಿತ್ತು. ಗಂಗತ್ತಿ ಕಾಯಿಪಲ್ಯದ ಚೀಲ ಹಿಡಿದು ರಸ್ತೆಯಂಚಿನ ಒಣಹುಲ್ಲು ಹುಡುಕಿ ಹುಡುಕಿ ಹೆಜ್ಜೆ ಇಡುತ್ತಿದ್ದಳು. ಹಿಮ್ಮಡಿ ಬಿರಿದು ಬೆರಳು ಹೋಗುವಷ್ಟು ಸೀಳು. ಸಂಜೆ ಮೇಣದಬತ್ತಿಯ ತುಂಡುಗಳನ್ನು ಕೊಬ್ಬರಿ ಎಣ್ಣೆಯ ಜೊತೆ ಹಳೆಯ ಸೌಟಿನಲ್ಲಿ ಕರಗಿಸಿ, ಬಿಸಿಬಿಸಿಯಾಗಿ ಸೀಳಿಗೆ ಹೊಯ್ದುಕೊಂಡು ತುಟಿ ಕಚ್ಚುತ್ತಿದ್ದಳು. ಅದೇ ವಾಸನೆ. ಆ ಸೀಳುಗಳು ನನ್ನ ಜೀವಕ್ಕಾಗಿ ಬಿದ್ದವು ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಹನ್ನೆರಡು ವರ್ಷದ ಹುಡುಗನಿಗೆ ಏನು ತಿಳಿಯುತ್ತದೆ ಎಂದು ಯಾರೂ ಹೇಳಬೇಡಿ. ಎಲ್ಲ ತಿಳಿಯುತ್ತದೆ.

ಆ ವರ್ಷ ದೀಪಾವಳಿ ರಜೆಯಲ್ಲಿ ಅಪ್ಪ ಕೊನೆಗೂ ಪಚಮಢಿಗೆ ಪಾಸು ತೆಗೆಸಿದ. ಗಂಗತ್ತಿ ಎರಡು ದಿನ ಹಾಡಿಕೊಂಡೇ ಕೆಲಸ ಮಾಡಿದಳು. ನಾನು ಶಾಲೆಯಲ್ಲಿ ಧೂಪಗಢದ ಸೂರ್ಯಾಸ್ತ ನೋಡಿ ಬರುತ್ತೇನೆಂದು ಸಾರಿಬಿಟ್ಟಿದ್ದೆ. ಹೊರಡುವ ಮುನ್ನಾದಿನ ಅಪ್ಪ ಊಟಕ್ಕೆ ಕೂತು ಲೆಕ್ಕ ಹಾಕಿದ.

"ಅಲ್ಲಿ ನಮಗ ಸಿಗೋದು ಎರಡ ದಿನ. ಒಂದು ದಿನ ಗುಹೆ, ಗುಡಿ ಆಗತಾವ. ಇನ್ನೊಂದು ದಿನ ಅಕ್ಕನ ತ್ರಿಶೂಲ ಹೊತ್ತು ಚೌರಾಗಢ ಹತ್ತಿದ್ರ, ನಿನ್ನ ಧೂಪಗಢ, ಆ ಧಬಧಬಾ ಜಲಪಾತ ಎಲ್ಲಾ ಕ್ಯಾನ್ಸಲ್. ಎರಡೂ ಆಗಂಗಿಲ್ಲ, ತಿಳೀತೇನು?"

"ಸೂರ್ಯಾ ದಿನಾ ಮುಳಗತಾನ ತಗೋ" ಎಂದು ಗಂಗತ್ತಿ ನನ್ನ ತಾಟಿಗೆ ತುಪ್ಪ ಹಾಕುತ್ತ ನಕ್ಕಳು. "ನಮ್ಮ ಈರಣ್ಣ ಶ್ಯಾಣ್ಯಾ ಅದಾನ. ಮುಂದ ದೊಡ್ಡ ಸಾಹೇಬ ಆಗಿ ಮೋಟಾರದಾಗ ನೋಡತಾನ."

ನಾನು ನಗಲಿಲ್ಲ.

ನಾಗಪುರದಿಂದ ಇಟಾರಸಿ, ಅಲ್ಲಿ ಗಾಡಿ ಬದಲಿಸಿ ಪಿಪರಿಯಾ, ಅಲ್ಲಿಂದ ಬಸ್ಸಿನಲ್ಲಿ ಬೆಟ್ಟ. ಗೋಣಿತಾಟು ಸುತ್ತಿದ ತ್ರಿಶೂಲವನ್ನು ಗಂಗತ್ತಿ ದಾರಿಯುದ್ದಕ್ಕೂ ಬಾಕಿನ ಕೆಳಗೆ ಕೈಯಿಂದ ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದಳು. ಇಟಾರಸಿ ಬಂದಾಗ ನನ್ನ ತಂಗಿ ಆಕೆಯ ಹೆಗಲ ಮೇಲೆ ನಿದ್ದೆ ಹೋಗಿದ್ದಳು, ಇನ್ನೊಂದು ಕೈಯಲ್ಲಿ ನೀರಿನ ಬಿಂದಿಗೆ. "ನಾ ತರತೇನಿ ಅತ್ತಿ, ನೀ ಇಳಿ" ಎಂದೆ. "ಹರಕಿ ನಿಂದ ಅಲ್ಲೇನೋ, ನೀನ ತಾ" ಎಂದು ಆಕೆ ಹಿಗ್ಗಿ ಇಳಿದಳು. ನಾನು ಬಗ್ಗಿ ತ್ರಿಶೂಲವನ್ನು ಬಾಕಿನ ಒಳಮೂಲೆಗೆ ಕಾಲಿನಿಂದ ತಳ್ಳಿದೆ. ಕಾಲಿನಿಂದ. ಹಾಸಿಗೆಯ ಸುರುಳಿ ಹೊತ್ತು ಇಳಿದು ಬಂದಾಗ ಅಪ್ಪ ಸಾಮಾನಿನ ನಡುವೆ ನಿಂತು, "ಎಲ್ಲಾ ಬರೋಬರ್ ಐತೇನು?" ಎಂದ. "ಬರೋಬರ್" ಎಂದೆ. "ತ್ರಿಶೂಲ ಎಲ್ಲೈತೋ?" ಎಂದಳು ಗಂಗತ್ತಿ. ಹಾಸಿಗೆಯ ಸುರುಳಿಯನ್ನು ತೋರಿಸಿ, "ಇದರಾಗ ಸೇರಿಸೇನಿ, ಯಾರಿಗೂ ಚುಚ್ಚಬಾರದಂತ" ಎಂದೆ. ನಾವು ಬಂದಿದ್ದ ಗಾಡಿ ಉತ್ತರಕ್ಕೆ ಹೊರಟುಹೋಯಿತು. ಪಿಪರಿಯಾದವರೆಗೂ, ಆಮೇಲೆ ಬಸ್ಸಿನಲ್ಲೂ, ಗಂಗತ್ತಿ ಆ ಹಾಸಿಗೆಯ ಸುರುಳಿಯ ಮೇಲೆ ಕೈಯಿಟ್ಟುಕೊಂಡೇ ಕೂತಿದ್ದಳು. ಏರುದಾರಿಯಲ್ಲಿ ಸಾಗುವಾನಿಯ ಕಾಡು ಬಂತು, ಕಣಿವೆ ಬಂತು, ತಂಪು ಗಾಳಿ ಬಂತು. ನನಗೆ ಕಂಡದ್ದು ಆ ಕೈ ಒಂದೇ.

ಧರ್ಮಶಾಲೆಯಲ್ಲಿ ಸುರುಳಿ ಬಿಚ್ಚಿದಾಗ ಕಂಬಳಿ, ಜಮಖಾನೆ ಅಷ್ಟೇ ಬಿದ್ದವು. ಗಂಗತ್ತಿ ಅವನ್ನು ಒಂದೊಂದಾಗಿ ಜಾಡಿಸಿದಳು. "ನಾ ಇಟ್ಟಿದ್ದೆ" ಎಂದು ನಾನು ಅತ್ತೆ. ಅಳು ನಿಜವಾದದ್ದೇ, ಹೆದರಿಕೆಯದು. ಆಕೆ ನನ್ನನ್ನೇ ಸಮಾಧಾನ ಮಾಡಿದಳು. ಅಪ್ಪ ಬೀಡಿ ಹಚ್ಚುತ್ತ, "ಮಹಾದೇವಗ ನಿನ್ನ ಕೈಯಿಂದ ತಗೊಳ್ಳೂದು ಬ್ಯಾಡಾಗಿರಬೇಕು ಬಿಡು ಅಕ್ಕಾ" ಎಂದ. ಅವ್ವ "ಸುಮ್ಮನಿರ್ರಿ" ಎಂದಳು. ಆದರೆ ಮಾತು ಆಡಿಯಾಗಿತ್ತು. ವಿಧವೆಗೆ ಆ ಮಾತು ಹೇಗೆ ನಾಟುತ್ತದೆ ಎಂದು ಅಪ್ಪನಿಗೆ ಗೊತ್ತಿರಲಿಲ್ಲವೆಂದು ನಾನು ನಂಬುವುದಿಲ್ಲ. ಬೇರೆ ತ್ರಿಶೂಲ ಕೊಳ್ಳೋಣವೆಂದು ಅವ್ವ ಮೆಲ್ಲಗೆ ಹೇಳಿದಳು. ಗಂಗತ್ತಿ ತಲೆಯಾಡಿಸಿದಳು. ನಾಲ್ಕು ವರ್ಷ ಎಣ್ಣೆ ಸವರಿದ್ದು ಆ ತ್ರಿಶೂಲಕ್ಕೆ.

ಮರುದಿನ ಗುಹೆಗಳನ್ನು ನೋಡಿದೆವು. ಜಟಾಶಂಕರದ ಬಂಡೆಗಳ ಸಂದಿಯಲ್ಲಿ ಆಕೆ ಇಳಿದಳು, ಬಡಾ ಮಹಾದೇವದಲ್ಲಿ ಗುಹೆಯ ಮೇಲಿಂದ ತೊಟ್ಟಿಕ್ಕುವ ನೀರಿಗೆ ತಲೆಯೊಡ್ಡಿ ಬಹಳ ಹೊತ್ತು ನಿಂತಳು. ಅದರ ಮರುದಿನ ನನಗೆ ಧಬಧಬಾ ಸಿಕ್ಕಿತು, ಸಂಜೆ ಧೂಪಗಢವೂ ಸಿಕ್ಕಿತು. ನೂರಾರು ಜನ ಪಡುವಣಕ್ಕೆ ಮುಖ ಮಾಡಿ ನಿಂತಿದ್ದರು. ಬೆಟ್ಟದ ಮೇಲೆ ಬೆಟ್ಟ, ಎಲ್ಲ ಕೆಂಪಾಗಿ, ಆಮೇಲೆ ನೇರಳೆಯಾಗಿ, ಆಮೇಲೆ ಬೂದಿಯಾದವು. ಹಿಂತಿರುಗಿ ನೋಡಿದೆ. ಆ ಜನರೆಲ್ಲರಲ್ಲಿ ಗಂಗತ್ತಿ ಒಬ್ಬಳೇ ಸೂರ್ಯನಿಗೆ ಬೆನ್ನು ಹಾಕಿ, ಮೂಡಲ ದಿಕ್ಕಿಗೆ, ಚೌರಾಗಢದ ನೆತ್ತಿಯ ಕಡೆಗೆ ಕೈಮುಗಿದು ನಿಂತಿದ್ದಳು. ಕಲ್ಲಿನ ಮೇಲೆ ಬರಿಗಾಲು. ಶಾಲೆಗೆ ಹೋಗಿ ನಾನು ಸೂರ್ಯಾಸ್ತವನ್ನು ವರ್ಣಿಸಿದೆ. ಮಾಸ್ತರರು ಶಹಬ್ಬಾಸ್ ಎಂದರು.

ನಾಗಪುರಕ್ಕೆ ಮರಳಿದ ಮೇಲೆ ಗಂಗತ್ತಿ ಬೇಡಿಕೊಂಡದ್ದಕ್ಕೆ ಅಪ್ಪ ಉತ್ತರದ ಸ್ಟೇಶನ್ನುಗಳಿಗೆ ಕಾಗದ ಬರೆದ. ಆಕೆ ದಿನವೂ ಬಾಗಿಲಲ್ಲಿ, "ಬಂತೇನೋ ಬಸೂ?" ಎಂದು ಕೇಳುತ್ತಿದ್ದಳು. "ಇಲ್ಲ" ಎನ್ನುತ್ತಿದ್ದ ಅಪ್ಪ. ಒಂದು ತಿಂಗಳಾದ ಮೇಲೆ ಅಪ್ಪನ ಊಟದ ಡಬ್ಬಿ ಕೊಡಲು ನಾನು ಪಾರ್ಸೆಲ್ ಆಫೀಸಿಗೆ ಹೋದೆ. ವಾರಸುದಾರರಿಲ್ಲದ ಸಾಮಾನಿನ ಮೂಲೆಯಲ್ಲಿ, ಮುರಿದ ಕೊಡೆ, ತಗಡಿನ ಪೆಟ್ಟಿಗೆಗಳ ನಡುವೆ ಅದು ನಿಂತಿತ್ತು. ಗೋಣಿ ಹರಿದು ಮೂರೂ ಮೊನೆ ಹೊರಗೆ ಬಂದಿದ್ದವು. ಕೊರಳಿಗೆ ಒಂದು ಚೀಟಿ. ನಾನು ನೋಡಿದ್ದನ್ನು ಅಪ್ಪ ನೋಡಿದ.

"ಇದು ಬಾಕಿನ ಕೆಳಗ ಸಿಕ್ಕದ್ದಂತ" ಎಂದ, ಧ್ವನಿ ಏರಿಸದೆ. "ಹಾಸಗ್ಯಾಗ ಅಲ್ಲ."

ನಾನು ಡಬ್ಬಿಯನ್ನು ಅವನ ಮೇಜಿನ ಮೇಲಿಟ್ಟೆ.

"ಮನೀಗೆ ಒಯ್ದರ ಮತ್ತ ಪಾಸು, ಮತ್ತ ರಜಾ, ಮತ್ತ ಆ ಬೆಟ್ಟಾ. ನೀನೂ ಹೇಳಬ್ಯಾಡ, ನಾನೂ ಹೇಳಂಗಿಲ್ಲ. ನಡಿ."

ನಾನು ನಡೆದೆ. ಮಾಡಿದ ತಪ್ಪನ್ನು ತಿದ್ದುವ ದಾರಿ ಅಷ್ಟು ದೂರದಿಂದ ತಾನಾಗಿ ನಡೆದು ಬಂದು ನನ್ನ ಕಣ್ಣ ಮುಂದೆ ನಿಂತಿತ್ತು. ಇಟಾರಸಿಯಲ್ಲಿ ಮಾಡಿದ್ದನ್ನು ಒಬ್ಬ ಹುಡುಗ ಮಾಡಿದನೆಂದು ಬೇಕಾದರೆ ಯಾರಾದರೂ ಕ್ಷಮಿಸಬಹುದು. ಆ ದಿನ ನಡೆದು ಬಂದದ್ದಕ್ಕೆ ಕ್ಷಮೆ ಎಲ್ಲಿದೆ? ಕೆಲವು ತಿಂಗಳ ಮೇಲೆ ಆ ಮೂಲೆ ಖಾಲಿಯಾಯಿತು. ತ್ರಿಶೂಲ ಗುಜರಿಯ ಮೋಡಕಾ ಕಬ್ಬಿಣದ ಜೊತೆ ಹೋಗಿರಬೇಕು. ಅಪ್ಪನ ಮೇಲೆ ಬಹಳ ವರ್ಷ ಸಿಟ್ಟಿಟ್ಟುಕೊಂಡೆ. ಅದು ಸುಲಭವಾಗಿತ್ತು.

ಗಂಗತ್ತಿ ಚಪ್ಪಲಿ ಹಾಕಲೇ ಇಲ್ಲ. ಹಬ್ಬದ ದಿನ ನನ್ನ ಹಣೆಗೆ ವಿಭೂತಿ ಹಚ್ಚುವುದನ್ನೂ ಬಿಟ್ಟಳು. "ನನ್ನ ಕೈ ಬ್ಯಾಡ, ನಿಮ್ಮವ್ವ ಹಚ್ಚಲಿ" ಎನ್ನುತ್ತಿದ್ದಳು. ಮಹಾದೇವ ಒಲ್ಲದ ಕೈ ನನಗೆ ಕೇಡು ಮಾಡೀತೆಂಬ ಭಯ. ಮ್ಯಾಟ್ರಿಕ್ ಮುಗಿಸಿ ನಾನೂ ರೈಲ್ವೆಗೆ ಸೇರಿದಾಗ ಆಕೆಗೊಂದು ಜೊತೆ ಚಪ್ಪಲಿ ತಂದೆ. ನಿಜ ಹೇಳುವ ಬದಲು ಚಪ್ಪಲಿ ತಂದೆ! "ಅವ ಕರಸ್ಕೊಳ್ಳಲಿ, ಆಮ್ಯಾಲ ಹಾಕ್ಕೋತೇನಿ" ಎಂದು ಕಾಗದದಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟಳು.

ಆಕೆಯ ಕೊನೆಯ ಬೇಸಿಗೆಯಲ್ಲಿ ಬೆನ್ನು ಬಗ್ಗುತ್ತಿರಲಿಲ್ಲ. ಸಂಜೆ ನಾನೇ ಸೌಟಿನಲ್ಲಿ ಮೇಣ ಕರಗಿಸಿ ಹಿಮ್ಮಡಿಯ ಸೀಳಿಗೆ ಹೊಯ್ಯುತ್ತಿದ್ದೆ. ಹಿತ್ತಿಲ ಬೇವಿನ ಹೂವು ಆಕೆಯ ಸೀರೆಯ ಮೇಲೆ ಉದುರುತ್ತಿತ್ತು. ಕಾಲು ನನ್ನ ತೊಡೆಯ ಮೇಲಿತ್ತು, ಮರದ ತೊಗಟೆಯಷ್ಟು ಒರಟು, ಹಗುರ.

"ಈರಣ್ಣಾ" ಎಂದಳು, "ನೀ ಓದಿದಾವ, ನೀನ ಹೇಳು. ಅವ ಯಾಕ ಒಲ್ಲೆ ಅಂದಿರಬೇಕೋ?"

ಮೇಣ ಆರುತ್ತಿತ್ತು. ನಾನು ತಲೆಯೆತ್ತದೆ ಇನ್ನೊಂದು ಸೀಳಿಗೆ ಹೊಯ್ದೆ.

"ಗೊತ್ತಿಲ್ಲತ್ತಿ" ಎಂದೆ.

"ಹೋಗಲಿ ಬಿಡು" ಎಂದಳು. "ನಿನ್ನ ಕೈ ಭಾಳ ಹಗೂರ ಐತಿ. ಸುಡೂದಿಲ್ಲ."