ಬುತ್ತಿ ಕಟ್ಟಿಕೊಂಡು ಹೊರಟ ಮರಿಗಳು

ನಮ್ಮತ್ತಿಗೆ ಗಾಡಿ ಓಡಿಸುವಾಗ ಹಾಡು ಹಾಕುವುದಿಲ್ಲ, ಹಾಕಿದವರನ್ನೂ ಸುಮ್ಮನೆ ಬಿಡುವುದಿಲ್ಲ. ಹ್ಯಾಚರಿಯಲ್ಲಿ ಆಗಷ್ಟೇ ಮೊಟ್ಟೆಯೊಡೆದ ಕೋಳಿಮರಿಗಳನ್ನು ಫಾರಂಗಳಿಗೆ ಮುಟ್ಟಿಸುವುದು ಅವರ ಕೆಲಸ. ಕಿವಿ ಸದಾ ಹಿಂದಿನ ಚಿಲಿಪಿಲಿಯ ಮೇಲೆ. ಕಿರುಚಿದರೆ ಚಳಿ, ಸದ್ದಡಗಿದರೆ ಸೆಕೆ.

"ನಮ್ಮಣ್ಣನ ಮಾತು ಇಷ್ಟು ಕಿವಿಗೊಟ್ಟು ಕೇಳಿದ್ರೆ ಅವನು ಉದ್ಧಾರ ಆಗ್ತಿದ್ದ" ಎಂದು ನಾನು ಅಣಕಿಸಿದರೆ, "ನಿಮ್ಮಣ್ಣ ಚಳಿಗೂ ಕಿರುಚ್ತಾರೆ, ಸೆಕೆಗೂ ಕಿರುಚ್ತಾರೆ, ಏನಂತ ತಿಳ್ಕೊಳ್ಳಲಿ?" ಅನ್ನುತ್ತಾರೆ.

ದೂರದ ಫಾರಂಗೆ ಮರಿ ಒಯ್ಯಬೇಕೆಂದು ಅವರು ಬಹಳ ದಿನದಿಂದ ಕಾದಿದ್ದರು. ಹಿಂದಿನ ಡ್ರೈವರ್ ಒಯ್ದಾಗ ಅರ್ಧಕ್ಕರ್ಧ ಮರಿ ದಾರಿಯಲ್ಲೇ ಸತ್ತಿದ್ದವು. ಕೊನೆಗೂ ಆ ದಾರಿಗೆ ಗಾಡಿ ಕೊಟ್ಟ ಹ್ಯಾಚರಿ ಯಜಮಾನರು, "ನೀನೂ ಹಾಗೇ ಮಾಡಿದ್ರೆ ಇನ್ನು ಊರೊಳಗಿನ ಫಾರಂಗಳೇ ಗತಿ, ನೋಡ್ಕೋ" ಅಂದಿದ್ದರು. ಬಿಟ್ಟಿ ಸವಾರಿಯ ಆಸೆಗೆ ನಾನೂ ಪಕ್ಕದಲ್ಲಿ ಕೂತೆ.

ಅರ್ಧ ದಾರಿಯಲ್ಲಿ ಲಾರಿಯೊಂದು ಮಗುಚಿ ರಸ್ತೆ ಬಂದ್. ಗಾಡಿ ನಿಂತ ಮೇಲೆ ಗಾಳಿಯೂ ನಿಂತಿತು. ಸ್ವಲ್ಪ ಹೊತ್ತಿಗೆ ಚಿಲಿಪಿಲಿ ಕಡಿಮೆಯಾಯಿತು.

"ಪಾಪ, ನಿದ್ದೆ ಹೋದ್ವು" ಅಂದೆ.

ಅತ್ತಿಗೆ ಆಗಲೇ ಕೆಳಗೆ ಧುಮುಕಿದ್ದರು. "ನಿದ್ದೆಯಂತೆ ನಿದ್ದೆ! ಬಾಯಿ ಬಿಟ್ಕೊಂಡು ಏದುಸಿರು ಬಿಡ್ತಿವೆ. ಇಳಿಸು ಬೇಗ!"

ತೂತಿನ ರಟ್ಟಿನ ಪೆಟ್ಟಿಗೆಗಳನ್ನೆಲ್ಲ ಮರದ ನೆರಳಿಗೆ ಹೊತ್ತು, ಒಂದರ ಮೇಲೊಂದು ಪೇರಿಸದೆ ಬಿಡಿಬಿಡಿಯಾಗಿ ಇಟ್ಟು ಮುಚ್ಚಳ ತೆಗೆದೆವು. ಮುಂದೆ ಸಿಕ್ಕಿಕೊಂಡಿದ್ದ ಬಸ್ಸಿನವರೆಲ್ಲ ಸುತ್ತ ನೆರೆದರು. ಒಬ್ಬ ಬಿಸ್ಕತ್ತು ಪುಡಿ ಮಾಡತೊಡಗಿದ. ಅಜ್ಜಿಯೊಬ್ಬರು ನೀರಿನ ಬಾಟಲಿ ಬಗ್ಗಿಸಿಯೇಬಿಟ್ಟಿದ್ದರು, ಅತ್ತಿಗೆ ಕೈ ಹಿಡಿದರು.

"ಎಳೆ ಜೀವಗಳನ್ನ ಉಪವಾಸ ಕೆಡವಿದ್ದೀಯಲ್ಲೇ, ನಿನ್ನದೇನು ಎದೆಯೋ ಕಲ್ಲೋ?" ಎಂದು ಅಜ್ಜಿ ರೇಗಿದರು. ನನ್ನ ಮುಖ ಕೆಂಪಾಯಿತು. ಅತ್ತಿಗೆ ಮಾತ್ರ ಜಗ್ಗಲಿಲ್ಲ.

"ಅಜ್ಜಿ, ಇವು ಹೊಟ್ಟೆಯಲ್ಲೇ ಬುತ್ತಿ ಕಟ್ಕೊಂಡು ಹೊರಟಿವೆ. ಮೊಟ್ಟೆಯ ಹಳದಿ ಇನ್ನೂ ಒಳಗಿದೆ, ಇವತ್ತಿಗೆ ಅದೇ ಊಟ. ಮೈ ಮೇಲೆ ನೀರು ಬಿದ್ರೆ ನೆನೆದು ನಡುಗಿ ಸಾಯ್ತವೆ."

ಹಿಂದೆ ನಿಂತಿದ್ದ ತರಕಾರಿ ಗಾಡಿಯಿಂದ ಸೌತೆಕಾಯಿ ತಂದು, ತೆಳ್ಳಗೆ ಹೆಚ್ಚಿ ಪ್ರತಿ ಪೆಟ್ಟಿಗೆಗೂ ಹಾಕಿದರು. ಮೈ ನೆನೆಯದಂತೆ ಬಾಯಾರಿಕೆ ತೀರಲು ಅಷ್ಟು ಸಾಕು. ಆಮೇಲೆ ಅಜ್ಜಿಯ ಕೈಗೊಂದು ರಟ್ಟು ಕೊಟ್ಟು, "ಪುಣ್ಯ ಬೇಕಾದ್ರೆ ಬೀಸಿ" ಅಂದರು. ರಸ್ತೆ ತೆರೆಯುವವರೆಗೂ ಅಜ್ಜಿ ಬೀಸಿದ್ದೇ ಬೀಸಿದ್ದು. ಬಿಸ್ಕತ್ತಿನವನನ್ನು ಹತ್ತಿರ ಸೇರಿಸಲಿಲ್ಲ.

ಫಾರಂ ತಲುಪಿದಾಗ ಶೆಡ್ಡು ಬೆಚ್ಚಗಿತ್ತು. ಅತ್ತಿಗೆ ಕಾಳಿನ ತಟ್ಟೆ ಪಕ್ಕಕ್ಕೆ ಸರಿಸಿ ಮೊದಲು ನೀರು ಕುಡಿಸಲು ಕೂತರು. ಒಂದೊಂದೇ ಮರಿಯ ಕೊಕ್ಕನ್ನು ನೀರಿಗೆ ಮುಟ್ಟಿಸಿ ಕೆಳಗೆ ಬಿಟ್ಟರು. ಫಾರಂ ಯಜಮಾನಿ ಪಕ್ಕದಲ್ಲೇ ನಿಂತು ಮರಿ ಎಣಿಸುತ್ತಿದ್ದರು.

ಹ್ಯಾಚರಿ ಯಜಮಾನರ ಫೋನ್ ಬಂತು. ನಾನು ಅತ್ತಿಗೆಯ ಕಿವಿಗೆ ಹಿಡಿದೆ.

"ಎಷ್ಟು ಹೋದ್ವು?"

"ಒಂದೂ ಇಲ್ಲ."

"ಇನ್ನು ಆ ದಾರಿ ನಿಂದೇ ಕಣಮ್ಮ. ನಿನಗೆ ಏನೇನು ಬೇಕೋ..."

"ಆಮೇಲೆ ಮಾತಾಡೋಣ ಸಾರ್, ಮರಿ ನೀರು ಕುಡೀತಿವೆ" ಎಂದು ಅತ್ತಿಗೆ, ಕಟ್ ಮಾಡು ಅಂತ ನನಗೆ ಕಣ್ಣಲ್ಲೇ ಹೇಳಿದರು.

ಕಟ್ ಮಾಡಿದೆ. ಹೆಮ್ಮೆ ತಡೆಯಲಾಗಲಿಲ್ಲ. ಯಾರಿಗಾದರೂ ಹೇಳದಿದ್ದರೆ ಆಗುತ್ತಿರಲಿಲ್ಲ. ಪಕ್ಕದಲ್ಲಿದ್ದ ಫಾರಂ ಯಜಮಾನಿಗೆ, "ಇವರು ನಮ್ಮತ್ತಿಗೆ" ಎಂದೆ.