ಗುರುತಿಲ್ಲದವರಿಗೆ ಕೈ ಎತ್ತಿದರೆ

ಕೇಳ್ರಪ್ಪಾ, ದೂರ ಹೊರಟ ಬೈಕಿನವರು ಎದುರು ಬಂದ ಬೈಕಿನವರಿಗೆಲ್ಲ ಕೈ ಎತ್ತಬೇಕು ಎಂಬುದು ಗೆಳೆಯ ಬಸುವಿನ ನಿಯಮ. ಬೈಲಹೊಂಗಲದಿಂದ ಬೀದರಿಗೆ ಹೊರಟ ನಾವು ನಾಲ್ವರೂ ಇವತ್ತು ಸವದತ್ತಿ ದಾಟಿದ ಮೇಲೆ ಅದನ್ನೇ ಮಾಡುತ್ತಿದ್ದೆವು. ಬೈಕಿಗೆ ಮೇವಿನ ಹೊರೆ ಕಟ್ಟಿಕೊಂಡಿದ್ದ ಹಿರಿಯರೊಬ್ಬರು ನಮ್ಮ ಕೈ ಕಂಡದ್ದೇ ಗಾಡಿ ತಿರುಗಿಸಿ, ಹಾರ್ನ್ ಹೊಡೆಯುತ್ತ ಬೆನ್ನಟ್ಟಿದರು, ತೊರಗಲ್ ಕೋಟೆ ಕಾಣುವ ತನಕ! ಹೆದರಿ ನಿಂತೆವು.

"ಕೈ ಮಾಡಿದ್ರಲ್ರಿ, ಏನಾತು? ಪೆಟ್ರೋಲ್ ತೀರೇತೇನು?"

"ಏನಿಲ್ರಿ ಕಾಕಾ, ಸುಮ್ನ ನಮಸ್ಕಾರ ಮಾಡಿದ್ವಿ," ಎಂದ ಬಸು.

"ಗುರ್ತ ಇಲ್ದ ಯಾರರ ನಮಸ್ಕಾರ ಮಾಡತಾರೇನು?"

ಸಿಟ್ಟಲ್ಲ, ಅವರಿಗೆ ನಿಜಕ್ಕೂ ಕುತೂಹಲ. ಯಾವ ಊರು, ಯಾರ ಮಗ, ತಾಯಿಯ ತವರು ಎಲ್ಲಿ ಎಂದು ಒಬ್ಬೊಬ್ಬರನ್ನೇ ವಿಚಾರಿಸಿದರು. ಬಸು ತನ್ನ ಸೋದರಮಾವನ ಊರು ಸಂಪಗಾಂವ ಎಂದದ್ದೇ ತಡ, ಮುಖ ಅರಳಿತು.

"ನನ್ನ ಮಗಳನ್ನ ಅಲ್ಲೇ ಕೊಟ್ಟೇನಿ! ಆತು ಬಿಡ್ರಿ, ಗುರ್ತ ಹತ್ತಿತು. ಈಗ ಮಾಡ್ರಿ ನಮಸ್ಕಾರ."

ಹೆಲ್ಮೆಟ್ ತೆಗೆದು, ರಸ್ತೆ ಬದಿಗೆ ಸಾಲಾಗಿ ನಿಂತು ಮಾಡಿದೆವು.

ಆಮೇಲಿಂದ ಬಸು ಎರಡೂ ಕೈಯಲ್ಲಿ ಹ್ಯಾಂಡಲ್ ಗಟ್ಟಿಯಾಗಿ ಹಿಡಿದಿದ್ದಾನೆ. ಬೀದರ್ ಮುಟ್ಟುವವರೆಗೆ ಕೈ ಎತ್ತುವಷ್ಟು ನೆಂಟರು ತನಗಿಲ್ಲವಂತೆ.